ಒಂದೇ ಹಡಗಿನವರು

ದಾಖಲೆ ಮನೆಯಲ್ಲಿ ಹೊರಗಿನವರು ಪುಸ್ತಕ ಮುಟ್ಟುವಂತಿರಲಿಲ್ಲ. ಉದ್ದನೆಯ ಮರದ ಕಟ್ಟೆಯ ಆಚೆ ಓದುವವರು ಕೂರುತ್ತಿದ್ದರು, ಈಚೆ ಕೇಳುವವರು ನಿಲ್ಲುತ್ತಿದ್ದರು. ಚೀಟಿ ಕೊಟ್ಟರೆ ಓದುವವರು ಒಳಗೆ ಹೋಗಿ ಸಂಪುಟ ಹೊತ್ತು ತಂದು, ಸಾಲಿನ ಕೆಳಗೆ ಮರದ ಪಟ್ಟಿ ಇಟ್ಟು ಓದಿ ಹೇಳುತ್ತಿದ್ದರು. ಅದೂ ಗಟ್ಟಿಯಾಗಿ. ಪಿಸುಗುಟ್ಟಿದರೆ ಒಳಗೊಳಗೆ ಏನೋ ಕೊಡುವುದು ತೆಗೆದುಕೊಳ್ಳುವುದು ನಡೆದಿದೆ ಎಂಬ ಅನುಮಾನ ಬರುತ್ತದೆಂದು ಯಾವ ಕಾಲದಲ್ಲೋ ಯಾರೋ ಮೇಲಧಿಕಾರಿ ಮಾಡಿಟ್ಟ ನಿಯಮ. ಹೀಗಾಗಿ ಆ ಹಜಾರದಲ್ಲಿ ಸತ್ತವರ ವಯಸ್ಸು, ಕಸುಬು, ಮೈಮೇಲಿನ ಮಚ್ಚೆ, ಯಾರು ಯಾರ ಮಗ, ಯಾರು ಯಾರ ಹೆಂಡತಿ ಎಂಬುದೆಲ್ಲ ಹರಾಜಿನ ಕೂಗಿನ ಹಾಗೆ ಒಂದರ ಮೇಲೊಂದು ಬಿದ್ದು ಉರುಳುತ್ತಿತ್ತು.

ಹಲ್ಲಿನವಳು ಸಾಲಿನಲ್ಲಿ ನಿಂತು ಅಂಗೈ ಒರೆಸಿಕೊಳ್ಳುತ್ತಿದ್ದಳು. ದಂತವೈದ್ಯರೊಬ್ಬರ ಹಿಂದಿನ ಕೋಣೆಯಲ್ಲಿ ಕಟ್ಟುಹಲ್ಲಿನ ಸೆಟ್ಟು ಮಾಡುವುದು ಅವಳ ಕೆಲಸ. ಬೀದಿಯವರಿಗೆಲ್ಲ ಅವಳು ಹಲ್ಲಿನವಳೇ. ಉಗುರಿನ ಸಂದಿಯಲ್ಲಿ ಸದಾ ಬಿಳಿ ಪುಡಿ, ಬೆರಳಿಗೆ ಮೇಣದ ವಾಸನೆ. ಬೆಳಿಗ್ಗೆ ಅರ್ಧ ದಿನ ರಜೆ ಕೇಳಿದಾಗ ಡಾಕ್ಟರು ಯಾಕೆ ಎಂದು ಕೇಳಿರಲಿಲ್ಲ. ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತ್ತು. ಈಗೀಗ ಯಾರೂ ಯಾರನ್ನೂ ಯಾಕೆ ಎಂದು ಕೇಳುತ್ತಿರಲಿಲ್ಲ.

ಸಮುದ್ರದ ದಾರಿಯಿಂದ ಬಂದವರ ಮೊಮ್ಮಕ್ಕಳು ಮರಿಮಕ್ಕಳೆಲ್ಲ ತಮ್ಮ ಹಿರಿಯರ ಇಳಿಕೆಯನ್ನು ತೋರಿಸಬೇಕು ಎಂಬ ಆಜ್ಞೆ ಬಂದು ಗೋಡೆಗಳ ಮೇಲೆ ಹಳತಾಗುತ್ತಿತ್ತು. ಇಳಿಕೆ ಎಂದರೆ, ಹಿರಿಯರು ಹಡಗಿನ ಹಲಗೆಯಿಂದ ಬಂದರಿಗೆ ಕಾಲಿಟ್ಟಾಗ ಬರೆಸಿದ ದಾಖಲೆ. ತೋರಿಸಲಾಗದವರ ಹೆಸರು ವಾಪಸಿ ಪಟ್ಟಿಗೆ. ಅವಳ ಮನೆಯ ಕೆಳಗಿನ ಅಂತಸ್ತಿನಲ್ಲಿ ಗಡಿಯಾರ ರಿಪೇರಿಯವನ ಸಂಸಾರವಿತ್ತು. ಒಂದು ಬೆಳಿಗ್ಗೆ ಬೂದು ಬಣ್ಣದ ವ್ಯಾನು ಬಂತು, ಹೋಯಿತು. ಮಧ್ಯಾಹ್ನ ಅವಳು ಮೆಟ್ಟಿಲು ಹತ್ತುವಾಗ ಬೀಗ ಹಾಕಿದ ಬಾಗಿಲಿನ ಹಿಂದೆ ಗಡಿಯಾರಗಳೆಲ್ಲ ಒಟ್ಟಿಗೆ ಗಂಟೆ ಹೊಡೆದವು. ಒಂದೊಂದೇ ಕೀಲಿ ಮುಗಿದು ನಿಂತುಹೋಗುವವರೆಗೆ ಆ ಕಟ್ಟಡದವರು ಆ ಬಾಗಿಲ ಮುಂದೆ ತುದಿಗಾಲಲ್ಲಿ ನಡೆದರು.

ಆದರೆ ತಮ್ಮ ಮನೆಯ ವಿಷಯದಲ್ಲಿ ಅವಳಿಗೆ ಒಂದು ಧೈರ್ಯವಿತ್ತು. ಅಜ್ಜ ಅಜ್ಜಿ ಒಂದೇ ಹಡಗಿನಲ್ಲಿ ಬಂದವರು. ಮನೆಯಲ್ಲಿ ಮುದ್ದಿನಿಂದ ಮತ್ತೆ ಮತ್ತೆ ಹೇಳುತ್ತಿದ್ದ ಮಾತು ಅದು. ಅಪ್ಪ ಬದುಕಿದ್ದಾಗ ಊಟಕ್ಕೆ ಕೂತರೆ ಸಾಕು, ಆ ಹಡಗು ತಟ್ಟೆಗಳ ನಡುವೆ ತೇಲಿ ಬರುತ್ತಿತ್ತು. ಅದಕ್ಕೇ ಅವಳು ಚೀಟಿಯಲ್ಲಿ ಇಬ್ಬರನ್ನೂ ಒಟ್ಟಿಗೆ ಬರೆದಿದ್ದಳು. ಒಬ್ಬರಿದ್ದರೆ ಸಾಕಿತ್ತು. ಇಬ್ಬರಿದ್ದರೆ ಇನ್ನೂ ಗಟ್ಟಿ ಎಂದುಕೊಂಡಳು.

ಓದುವವರು ನೆಗಡಿ ಹಿಡಿದ ಮನುಷ್ಯ. ಮೂಗೊರೆಸಿಕೊಂಡು ಸಂಪುಟ ಬಿಚ್ಚಿದರು.

"ಸಿಕ್ತಮ್ಮಾ. ಪುಣ್ಯವಂತರು ನೀವು, ಬೆಳಗಿಂದ ಎಷ್ಟೋ ಜನಕ್ಕೆ ಇಲ್ಲ ಅಂದು ಅಂದು ಬಾಯಿ ನೋವು ಬಂದಿತ್ತು."

ಅವಳ ಎದೆ ಹಗುರಾಯಿತು.

"ಗುಂಪಿನ ಯಜಮಾನ, ಬಡಗಿ. ಅವನ ಹೆಂಡತಿ. ಮಗ, ಇಪ್ಪತ್ತು, ಬಡಗಿ, ಎಡ ಹುಬ್ಬಿನ ಮೇಲೆ ಗಾಯದ ಕಲೆ." ಅದು ಅಜ್ಜ. ಆ ಕಲೆಯನ್ನು ಅವಳು ಮಗುವಾಗಿದ್ದಾಗ ಮುಟ್ಟಿ ಮುಟ್ಟಿ ನೋಡಿದ್ದಳು. ಓದುವವರು ಪಟ್ಟಿಯನ್ನು ಕೆಳಗಿನ ಸಾಲಿಗೆ ಸರಿಸಿದರು. "ಮಗಳು, ಹದಿನೇಳು, ಅವಿವಾಹಿತೆ, ಬಲಗೈ ಕಿರುಬೆರಳು ಸೊಟ್ಟ." ಅದು ಅಜ್ಜಿ. ಓದುವವರು ತಲೆಯೆತ್ತಿದರು. ಚೀಟಿ ನೋಡಿದರು. ಮತ್ತೆ ಸಂಪುಟ ನೋಡಿದರು. "ನೀವು ಬರೆದಿರೋದು ಅಜ್ಜ, ಅಜ್ಜಿ ಅಂತ. ಇಲ್ಲಿರೋದು ಅಣ್ಣ, ತಂಗಿ."

ಗಟ್ಟಿಯಾಗಿಯೇ ಹೇಳಿದರು. ಪಕ್ಕದ ಸಾಲಿನಲ್ಲಿ ನಿಂತಿದ್ದವಳು ಕೈಚೀಲವನ್ನು ಈ ಭುಜದಿಂದ ಆ ಭುಜಕ್ಕೆ ಬದಲಿಸಿದಳು.

"ತಪ್ಪಾಗಿರಬೇಕು," ಎಂದಳು ಹಲ್ಲಿನವಳು. "ಅಜ್ಜನ್ನ ಮಾತ್ರ ಕೊಡಿ. ಆ ಒಂದು ಸಾಲು ಸಾಕು."

"ಹಾಗೆ ಕೊಡೋದಿಲ್ಲಮ್ಮಾ. ಕೈ ಕೈ ಹಿಡ್ಕೊಂಡು ಹಲಗೆ ಇಳಿದವರು ಒಂದು ಗುಂಪು. ಗುಂಪಿಗೆ ಒಂದು ಪುಟ. ನಕಲು ಕೊಟ್ರೆ ಇಡೀ ಪುಟ."

"ಹಾಗಾದ್ರೆ ಬೇಡ. ಚೀಟಿ ವಾಪಸ್ ಕೊಡಿ."

ಓದುವವರು ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ದನಿ ತಗ್ಗಿಸಲು ಹೋಗಿ, ನಿಯಮ ನೆನಪಾಗಿ ಮತ್ತೆ ಏರಿಸಿದರು. "ಸಿಕ್ಕಿದ ಮೇಲೆ ಒಂದು ನಕಲು ನಿಮಗೆ, ಒಂದು ವಿಚಾರಣೆ ಕಚೇರಿಗೆ. ಅದು ನನ್ನ ಕೈಲಿಲ್ಲ ತಾಯಿ. ಸಿಗದೇ ಇದ್ದಿದ್ರೆ ಬೇರೆ ಮಾತು."

ಹೊರಗೆ ಬಿಸಿಲಿತ್ತು. ಅವಳಿಗೆ ಚಳಿಯಾಗುತ್ತಿತ್ತು.

ಮನೆಯಲ್ಲಿ ಅತ್ತೆ ಇಸ್ಪೀಟು ಆಡುತ್ತಿದ್ದಳು. ಅಪ್ಪನ ಅಕ್ಕ, ಮದುವೆಯಾಗದೆ ಉಳಿದವಳು, ತಾಯಿಯಿಲ್ಲದ ಹಲ್ಲಿನವಳನ್ನೂ ಅವಳ ತಮ್ಮನನ್ನೂ ಬೆಳೆಸಿದವಳು. ಎದುರಿಗೆ ಕತ್ತರಿ ಮಾಮ. ಎದುರು ಸಾಲಿನ ಕ್ಷೌರದಂಗಡಿಯವನು, ಅತ್ತೆಯ ಓರಗೆಯವನು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಮೇಲೆ ಬಂದು ಎರಡಾಟ ಆಡಿ, ಎರಡರಲ್ಲೂ ಸೋತು, ಮೂರನೆಯದಕ್ಕೆ ಸಮಯವಿಲ್ಲ ಎಂದು ಹೊರಡುವುದು ಅವನ ಪದ್ಧತಿ.

"ಬಾರೇ ಹಲ್ಲಿ," ಎಂದ ಮಾಮ. "ನಿಮ್ಮತ್ತೆ ಎಲೆ ಕದೀತಾಳೆ. ಈ ವಯಸ್ಸಿಗೂ ಕಳ್ಳತನ ಬಿಟ್ಟಿಲ್ಲ."

"ಕದಿಯೋಕೆ ನಿನ್ನ ಕೈಲಿ ಏನಿದೆ ಕಣೋ? ಎರಡು ರಾಣಿ ಇಟ್ಕೊಂಡು ಆಗಲೇ ಅರ್ಧ ಗಂಟೆಯಿಂದ ಮುಖ ಅರಳಿಸ್ಕೊಂಡು ಕೂತಿದೀಯ."

"ನೋಡಿದ್ಯಾ? ನನ್ನ ಮುಖವೇ ನನಗೆ ಶತ್ರು."

"ನಿನ್ನ ಬಾಯಿ. ಮುಖ ಪಾಪ ಏನು ಮಾಡುತ್ತೆ? ಇವನ ಕಿವಿಗೆ ಒಂದು ವಿಷಯ ಹಾಕಿದ್ರೆ ಮುಂದಿನ ಗಿರಾಕಿ ತಲೆ ಒದ್ದೆ ಮಾಡೋ ಹೊತ್ತಿಗೆ ಹೊರಗೆ ಬಂದಿರುತ್ತೆ."

"ಸುಮ್ನೆ ಕೂತ್ರೆ ಗಿರಾಕಿ ನಿದ್ದೆ ಮಾಡ್ತಾನೆ ಕಣೇ. ನಿದ್ದೆ ಮಾಡಿದವನ ಕತ್ತು ವಾಲುತ್ತೆ. ಕತ್ತು ವಾಲಿದ್ರೆ ಕಿವಿಗೆ ಅಪಾಯ. ನನ್ನ ಮಾತು ಜನರ ಕಿವಿ ಉಳಿಸೋಕೆ."

ಮಾಮ ಮಗಳ ಮನೆಗೆ ಹೋಗಿ ಕೆಲವು ವಾರ ಇದ್ದು ಬರುವವನಿದ್ದ, ಅದನ್ನು ಹೇಳಲು ಬಂದಿದ್ದ. ಅವನ ಇಳಿಕೆಯ ವಿಚಾರಣೆ ಆಗಲೇ ಮುಗಿದು ಸರಿ ಎಂದಾಗಿತ್ತು. ಅವನು ಮೆಟ್ಟಿಲಿಳಿದು, ಕೆಳಗಿನ ಬಾಗಿಲು ಹಾಕಿಕೊಂಡ ಸದ್ದು ಕೇಳುವವರೆಗೆ ಹಲ್ಲಿನವಳು ಬಾಯಿ ಬಿಡಲಿಲ್ಲ. ಆಮೇಲೆ ಹೇಳಿದಳು. ಹೇಳುತ್ತಾ ನಡುವೆ ನಕ್ಕಳು ಕೂಡ, ಎಂಥ ಬರೆಯುವವರಪ್ಪಾ, ಅಣ್ಣ ತಂಗಿ ಅಂತೆ, ಎಂದು.

ಅತ್ತೆ ನಗಲಿಲ್ಲ. ಎಲೆಗಳನ್ನು ಜೋಡಿಸುತ್ತಿದ್ದ ಕೈ ನಿಂತಿತು.

"ಬರೆದವರು ತಪ್ಪು ಬರೆದಿಲ್ಲ," ಎಂದಳು. "ಹೇಳಿದ್ದನ್ನೇ ಬರೆದಿದ್ದಾರೆ."

ಅಜ್ಜಿ ಹಡಗು ಹತ್ತಿದ್ದು ತನ್ನ ಅಪ್ಪನ ಜೊತೆ. ದಾರಿಯಲ್ಲಿ ಜ್ವರ ಬಂದು ಅಪ್ಪ ಹೋದ. ದಂಡೆ ಕಾಣುವ ಮುಂಚೆಯೇ ನೀರಿಗೆ ಬಿಟ್ಟರು. ಹದಿನೇಳರ ಹುಡುಗಿ ಒಬ್ಬಳೇ. ಒಬ್ಬಂಟಿ ಹೆಣ್ಣನ್ನು ಬಂದರಿನಲ್ಲಿ ಇಳಿಸುತ್ತಿರಲಿಲ್ಲ, ಅದೇ ಹಡಗಿನಲ್ಲಿ ತಿರುಗಿ ಕಳಿಸುತ್ತಿದ್ದರು. ತಿರುಗಿ ಹೋದರೆ ಅಲ್ಲಿ ಯಾರೂ ಇರಲಿಲ್ಲ. ಹಲಗೆಯ ಬಾಯಲ್ಲಿ ನಿಂತು ಅವಳು ನಡುಗುತ್ತಿದ್ದಾಗ ಮುಂದಿದ್ದ ಬಡಗಿಯ ಹೆಂಡತಿ, ಗುರುತು ಪರಿಚಯ ಇಲ್ಲದವಳು, ಹಿಂದೆ ತಿರುಗಿ ಅವಳ ಕೈ ಹಿಡಿದಳು. ಬಾರೇ ಮಗಳೇ, ಎಷ್ಟು ನಿಧಾನ ನೀನು, ಎಂದು ಬೈದಳು. ಬರೆಯುವವನು ಬರೆದುಕೊಂಡ. ಮಗಳು ಎಂದು ಇಳಿದವಳು ಆ ಮನೆಯಲ್ಲೇ ಬೆಳೆದಳು. ಕೆಲವು ವರ್ಷ ಕಳೆದ ಮೇಲೆ ಮಗನ ಕಣ್ಣು, ಅವಳ ಕಣ್ಣು ಕಂಡು, ಬಡಗಿಯ ಹೆಂಡತಿಯೇ ಇನ್ನು ಇವರನ್ನು ಹೀಗೆ ಬಿಡಬಾರದು ಎಂದು ಮದುವೆ ಮಾಡಿಸಿದಳು.

"ಎಷ್ಟು ಜನಕ್ಕೆ ಗೊತ್ತಿದೆ ಇದು?"

"ಆ ಹಡಗಿನವರಿಗೆಲ್ಲ ಗೊತ್ತಿತ್ತು. ಅವರೆಲ್ಲ ಹೋದರು. ಈಗ ನನಗೆ ಗೊತ್ತು. ನಿನಗೆ ಗೊತ್ತಾಯ್ತು." ಅತ್ತೆ ಎಲೆಗಳನ್ನು ಪೆಟ್ಟಿಗೆಗೆ ಹಾಕಿದಳು. "ಇಬ್ಬರನ್ನೂ ಒಟ್ಟಿಗೆ ಯಾಕೆ ಕೇಳಿದೆ ಮಗಳೇ?"

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ತಮ್ಮನಿಗೆ ಹೇಳಿದಾಗ ಅವನು ಜೋರಾಗಿ ನಕ್ಕ. ಲಿಫ್ಟು ರಿಪೇರಿಯವನು, ಹಗ್ಗಕ್ಕೆ ನೇತುಬಿದ್ದು ಕೆಲಸ ಮಾಡುವವನಿಗೆ ಹೆದರಿಕೆಯನ್ನು ತಮಾಷೆ ಮಾಡಿ ರೂಢಿ. "ಒಳ್ಳೇದಾಯ್ತು ಬಿಡು. ನಮ್ಮ ಮನೇಲಿ ಬೀಗರ ಜಗಳ ಯಾಕಿರಲಿಲ್ಲ ಅಂತ ಈಗ ಗೊತ್ತಾಯ್ತು." ಆಮೇಲೆ ತಟ್ಟೆಯ ಮುಂದೆ ಕೂತು ಏನೂ ತಿನ್ನದೆ ಎದ್ದ. ಕೆಳಗೆ ಬೀದಿಯಲ್ಲಿ ಯಾವುದೋ ಗಾಡಿ ನಿಂತ ಸದ್ದಾದಾಗ ಮೂವರೂ ಒಟ್ಟಿಗೆ ಉಸಿರು ಹಿಡಿದರು. ಅದು ಹಾಲಿನದು.

ಕಚೇರಿಯ ಕರೆ ಬರುವವರೆಗಿನ ದಿನಗಳಲ್ಲಿ ಹಲ್ಲಿನವಳ ಕೈ ಕೆಟ್ಟಿತು. ಅಚ್ಚಿಗೆ ಗಾರೆ ಸುರಿದು ಮೇಜಿಗೆ ತಟ್ಟುವಾಗ ಗುಳ್ಳೆ ಉಳಿದುಬಿಡುತ್ತಿತ್ತು. ಗುಳ್ಳೆ ಉಳಿದರೆ ಸೆಟ್ಟು ಒಸಡಿಗೆ ಒತ್ತುತ್ತದೆ. ಒಬ್ಬ ಮುದುಕರ ಮೇಲಿನ ಸಾಲನ್ನು ಮೂರು ಸಲ ಬಿಚ್ಚಿ ಕಟ್ಟಿದಳು. ಕಪಾಟಿನ ಮೇಲೆ ಸಾಲಾಗಿ ಇಟ್ಟ ಬಿಳಿ ದವಡೆಗಳು ಏನನ್ನೋ ಹೇಳಲು ಬಾಯಿ ತೆರೆದು ಅರ್ಧಕ್ಕೇ ನಿಂತ ಹಾಗೆ ಕಾಣತೊಡಗಿದ ಮೇಲೆ ಅವಳು ಅವನ್ನು ಗೋಡೆಯ ಕಡೆಗೆ ತಿರುಗಿಸಿಟ್ಟಳು. ಡಾಕ್ಟರು ಬಾಗಿಲಲ್ಲಿ ನಿಂತು ನೋಡಿದರು. ಏನೂ ಕೇಳದೆ ಹೋದರು.

ವಿಚಾರಣೆ ಕೋಣೆ ಚಿಕ್ಕದು. ಒಂದು ಮೇಜು, ತಿರುಗುವ ಫ್ಯಾನು, ತಟ್ಟೆ ಮುಚ್ಚಿದ ನೀರಿನ ಲೋಟ, ಮೂಲೆಯಲ್ಲಿ ಬೆರಳಚ್ಚಿನ ಹೆಂಗಸು. ವಿಚಾರಣೆಯ ಸಾಹೇಬರು ಕೂಗುವವರಲ್ಲ. ಸೌಮ್ಯ ಮನುಷ್ಯ, ಅತ್ತೆಗೆ ಕುರ್ಚಿ ಹಾಕಿಸಿದರು, ಫ್ಯಾನಿನ ಗಾಳಿ ಜಾಸ್ತಿಯಾಯಿತೇ ಎಂದು ಕೇಳಿದರು. ಅವರ ಮೇಲಿನ ಕಟ್ಟುಹಲ್ಲಿನ ಸೆಟ್ಟು ಸಡಿಲವಾಗಿತ್ತು. ಮಾತಿನ ಕೊನೆಗೆಲ್ಲ ಒಂದು ಸಣ್ಣ ಟಕ್ ಸದ್ದು ಬರುತ್ತಿತ್ತು. ಹಲ್ಲಿನವಳಿಗೆ ಬೇಡ ಬೇಡವೆಂದರೂ ಕಿವಿ ಅಲ್ಲಿಗೇ ಹೋಗುತ್ತಿತ್ತು.

"ಅಣ್ಣ ತಂಗಿ ಅಂತ ಇಳಿದಿದ್ದಾರೆ," ಎಂದರು ಸಾಹೇಬರು. "ಗಂಡ ಹೆಂಡತಿ ಅಂತ ಬದುಕಿದ್ದಾರೆ. ಎರಡರಲ್ಲಿ ಒಂದು ಸುಳ್ಳು. ಯಾವುದು ಅಂತ ನೀವೇ ಹೇಳಬೇಕು. ಹಿರಿಯರು ಬಂದಿದ್ದಾರೆ, ಒಳ್ಳೇದಾಯ್ತು." ಟಕ್.

"ತಂಗಿ ಅನ್ನೋದು ಸುಳ್ಳಾದ್ರೆ?" ಎಂದು ಕೇಳಿದಳು ಹಲ್ಲಿನವಳು.

"ಆಗ ಆಯಮ್ಮ ಸುಳ್ಳು ಹೇಳಿ ಇಳಿದ ಹಾಗಾಯ್ತು. ಕೈ ಹಿಡಿದು ಇಳಿಸಿಕೊಂಡವರೂ ಸುಳ್ಳು ಹೇಳಿದ ಹಾಗಾಯ್ತು. ಇಡೀ ಗುಂಪಿನ ಇಳಿಕೆ ರದ್ದು. ಅವರ ಮಕ್ಕಳು, ಮೊಮ್ಮಕ್ಕಳು ಯಾರೂ ಇಲ್ಲಿ ಇಳಿದೇ ಇಲ್ಲ ಅಂತ ಲೆಕ್ಕ."

"ವಾಪಸಿ ಪಟ್ಟಿ."

"ಆ ಮಾತು ನಾವು ಇಲ್ಲಿ ಬಳಸೋದಿಲ್ಲ. ಆದರೆ ಹೌದು."

ಫ್ಯಾನು ಆಚೆ ಹೋಗಿ ಈಚೆ ಬಂತು. ಅತ್ತೆ ಕೇಳಿದಳು. "ತಂಗಿ ಅನ್ನೋದೇ ನಿಜ ಆದ್ರೆ?"

ಸಾಹೇಬರು ಬೆರಳುಗಳನ್ನು ಹೆಣೆದುಕೊಂಡರು. "ಇಳಿಕೆ ಸರಿಯಾಯ್ತು. ಮದುವೆ ಮದುವೆಯಲ್ಲ ಅಂತಾಯ್ತು. ಮದುವೆ ಇಲ್ಲದೆ ಹುಟ್ಟಿದ ಮಕ್ಕಳು ತಾಯಿಯ ಇಳಿಕೆಗೆ ಸೇರ್ತಾರೆ, ಕಾನೂನಿನಲ್ಲಿ ಅಷ್ಟು ದಯೆ ಇದೆ. ತಾಯಿ ಸರಿಯಾಗಿ ಇಳಿದವರು. ಹಾಗಾಗಿ ನೀವು ಇರ್ತೀರಿ, ನಿಮ್ಮ ತಮ್ಮನ ಮಕ್ಕಳು ಇರ್ತಾರೆ. ಸತ್ತವರ ಮೇಲೆ ಕೇಸು ಹಾಕೋ ಪದ್ಧತಿ ನಮ್ಮಲ್ಲಿಲ್ಲ." ಟಕ್.

ಇದು ಬಲೆಯೋ, ಉಪಕಾರವೋ, ಬರೀ ಕಾನೂನೋ ಎಂದು ಆ ಮುಖದಿಂದ ತಿಳಿಯುವ ಹಾಗಿರಲಿಲ್ಲ. ಹಲ್ಲಿನವಳು ಅತ್ತೆಯ ಕಡೆ ನೋಡಲಿಲ್ಲ. ನೋಡಿದರೆ ಅದೇ ಒತ್ತಾಯವಾಗುತ್ತದೆ. ನೋಡದಿದ್ದರೆ? ಅದೂ ಒತ್ತಾಯವೇ. ಅತ್ತೆ ಅಲ್ಲ ಎಂದರೆ ಬೂದು ವ್ಯಾನು. ಹೌದು ಎಂದರೆ ಅಜ್ಜಿಯ ಮಾನ. ಅವಳ ತಲೆಯೊಳಗೆ ಆ ಕ್ಷಣ ಒಂದೇ ಮಾತು ಓಡುತ್ತಿತ್ತು, ಹೇಳು, ಹೇಳಿಬಿಡು, ಹೇಳು. ತನ್ನೊಳಗೆ ಅದನ್ನು ಹೇಳುತ್ತಿದ್ದ ದನಿಗೇ ಅವಳು ಹೆದರಿದಳು.

"ಒಡಹುಟ್ಟಿದವರು," ಎಂದಳು ಅತ್ತೆ.

"ಟೈಪು ಮಾಡುವವರಿಗೆ ಕೇಳಿಸಲಿಲ್ಲ."

"ನಮ್ಮಪ್ಪ ನಮ್ಮಮ್ಮ ಒಡಹುಟ್ಟಿದವರು. ಅಣ್ಣ ತಂಗಿ." ಮೂಲೆಯಲ್ಲಿ ಕೀಲಿಗಳು ಟಪಟಪ ಓಡಿ ನಿಂತವು. "ಇನ್ನೂ ಏನಾದ್ರೂ ಹೇಳಬೇಕಾ ಸ್ವಾಮಿ?"

"ಇಷ್ಟು ಸಾಕಮ್ಮಾ."

ಅಷ್ಟಕ್ಕೇ ಮುಗಿದಿದ್ದರೆ! ಸಾಹೇಬರು ಕಾಗದ ಮಡಿಸುತ್ತಾ ಇನ್ನೊಂದನ್ನು ಹೇಳಿದರು. ಹೇಳಿಕೆಯನ್ನು ಕಚೇರಿಯ ಹೊರಗೂ ಅವರ ಕಟ್ಟಡದ ಬಾಗಿಲಿಗೂ ತಿಂಗಳ ಕೊನೆಯವರೆಗೆ ಅಂಟಿಸಲಾಗುವುದು. ಇದು ಸುಳ್ಳು ಎಂದು ಬಲ್ಲವರು ಯಾರಾದರೂ ಅಷ್ಟರಲ್ಲಿ ಬಂದು ಹೇಳಬಹುದು. ಬಂದರೆ ಎಲ್ಲ ಮೊದಲಿಂದ. ಬರದಿದ್ದರೆ ಕೊನೆಯ ದಿನ ಕಚೇರಿ ಮುಚ್ಚಿದ ಹೊತ್ತಿಗೆ ಇಳಿಕೆ ಸ್ಥಿರ.

ಬಾಗಿಲಿಗೆ ಕಾಗದ ಬಿತ್ತು. ಮೆಟ್ಟಿಲಲ್ಲಿ ಎದುರಾದವರು ಗೋಡೆ ಹಿಡಿದು ದಾರಿ ಬಿಡತೊಡಗಿದರು. ಮೇಲಿನ ಮನೆಯವಳು ಕಡ ತೆಗೆದುಕೊಂಡಿದ್ದ ಬಾಣಲೆಯನ್ನು ತೊಳೆದು, ಮತ್ತೆ ತೊಳೆದು, ಬಾಗಿಲ ಹೊರಗಿಟ್ಟು ಹೋದಳು. ತಮ್ಮನ ಜೊತೆ ಕೆಲಸ ಮಾಡುವವರು ಲಿಫ್ಟಿನ ಗುಂಡಿಯೊಳಗಿಂದ ಕೂಗಿ ಕೇಳಿದರಂತೆ, ನಿಮ್ಮಪ್ಪನಿಗೆ ಅಪ್ಪ ಯಾರು, ಸೋದರಮಾವ ಯಾರು ಎಂದು. ಅವನು ಅದನ್ನು ಮನೆಯಲ್ಲಿ ನಗುತ್ತಲೇ ಹೇಳಿದ. ಅವನ ಬೆರಳ ಗಂಟುಗಳ ಮೇಲಿನ ಚರ್ಮ ಕಿತ್ತಿತ್ತು.

ಹಲ್ಲಿನವಳನ್ನು ಕಾಡಿದ್ದು ನಾಚಿಕೆಯಲ್ಲ. ಮುಖ ತಿರುಗಿಸುವವರನ್ನು ಕಂಡರೆ ಅವಳಿಗೆ ನೆಮ್ಮದಿಯೇ ಆಗುತ್ತಿತ್ತು, ನಂಬಿದ್ದಾರೆ ಎಂದಾಯಿತಲ್ಲ. ಅವಳಿಗೆ ಭಯ ಹುಟ್ಟಿಸುತ್ತಿದ್ದವರು ಒಳ್ಳೆಯ ಮಾತಾಡುವವರು. ಅಂಗಡಿಯ ಮುದುಕಿ ಒಮ್ಮೆ ಅವಳ ಕೈ ಹಿಡಿದು, ನಿಮ್ಮಜ್ಜಿ ಅಂಥವಳಲ್ಲ ಕಣಮ್ಮಾ, ಎಂದಾಗ ಅವಳು ಕೈ ಬಿಡಿಸಿಕೊಂಡು ಬಂದುಬಿಟ್ಟಳು. ಮುದುಕಿಗೆ ಗೊತ್ತಿದ್ದದ್ದು ಅಷ್ಟೇ, ಬರೀ ಪ್ರೀತಿ. ಆದರೂ ಅವಳು ಆ ರಾತ್ರಿ ಕಣ್ಣು ಮುಚ್ಚಲಿಲ್ಲ. ಬೀದಿಯಲ್ಲಿ ತಮ್ಮ ಅಜ್ಜ ಅಜ್ಜಿಯನ್ನು ಯಾರು ಯಾರು ಗೌರವಿಸುತ್ತಿದ್ದರು ಎಂದು ಒಬ್ಬೊಬ್ಬರನ್ನಾಗಿ ಎಣಿಸಿದಳು.

ತಿಂಗಳ ಕೊನೆಯ ದಿನ ಮೂವರೂ ಮನೆಯಲ್ಲೇ ಉಳಿದರು. ಊಟವಾಯಿತು. ಕಚೇರಿ ಮುಚ್ಚಲು ಇನ್ನೂ ಹೊತ್ತಿತ್ತು. ಆಗ ಮೆಟ್ಟಿಲಲ್ಲಿ ಹೆಜ್ಜೆ ಕೇಳಿಸಿತು. ಧಡಧಡ ಹತ್ತುವ ಹೆಜ್ಜೆ, ಜೊತೆಗೆ ಏದುಸಿರು.

ಕತ್ತರಿ ಮಾಮ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಕೈಯಲ್ಲಿ ಬಾಗಿಲಿನಿಂದ ಕಿತ್ತುಕೊಂಡು ಬಂದ ಕಾಗದ.

"ಏನೇ ಇದು?" ಎಂದ. ಕೂರಲಿಲ್ಲ. "ಈಗ ಬಸ್ಸಿಳಿದೆ. ಅಂಗಡಿ ಪಕ್ಕದವನು ಹಲ್ಲು ಕಿರಿದು ಹೇಳಿದ. ಯಾವನು ಅಂಟಿಸಿದ್ದು ಈ ಹೊಲಸು?"

"ಕೂತ್ಕೋ. ಟೀ ಮಾಡ್ತೀನಿ."

"ಟೀ ಆಮೇಲೆ. ನಾನು ಕಚೇರಿಗೇ ಹೊರಟಿದ್ದೆ, ನಿನಗೆ ಒಂದು ಮಾತು ಹೇಳಿ ಹೋಗೋಣ ಅಂತ ಬಂದೆ. ಹೆದರ್ಕೋಬೇಡ. ನನಗೆ ಗೊತ್ತಿದೆ ಎಲ್ಲ. ನಮ್ಮಪ್ಪ ಅದೇ ಹಡಗಲ್ಲಿದ್ದ, ನಿನಗೆ ಹೇಳೇ ಇಲ್ಲ ನಾನು, ನಿಮ್ಮಮ್ಮನಿಗೆ ನೋವಾಗುತ್ತೆ ಯಾರ ಹತ್ರನೂ ಆಡಬೇಡ ಅಂದಿದ್ದ ಅಪ್ಪ. ಆ ಹುಡುಗಿ ಅಪ್ಪ ಸತ್ತಾಗ ಕೊನೇ ಕ್ಷೌರ ಮಾಡಿದ್ದು ನಮ್ಮಪ್ಪ. ಹಡಗು ತೂಗ್ತಾ ಇತ್ತಂತೆ, ಗಲ್ಲ ಎಲ್ಲಿ ಕುಯ್ದು ಹೋಗುತ್ತೋ ಅಂತ ನಿಮ್ಮಮ್ಮ ತನ್ನ ಕೈಯಾರೆ ತಲೆ ಹಿಡ್ಕೊಂಡು ಕೂತಿದ್ಲಂತೆ. ಬಡಗಿ ಮಗಳಂತೆ, ಹುಂ. ಜೀವಮಾನದಲ್ಲಿ ಒಂದು ವಿಷಯ ಬಾಯಲ್ಲಿ ಇಟ್ಕೊಂಡಿದ್ದೆ, ಅದು ಇವತ್ತಿಗೆ ಬೇಕಾಗಿತ್ತು ನೋಡು."

ಹಲ್ಲಿನವಳು ಗೋಡೆಗೆ ಒರಗಿದಳು. ಬಾಗಿಲಿಗೆ ಅಡ್ಡವಾಗಿ ತಮ್ಮ ಬಂದು ನಿಂತ. ನಿಂತ ರೀತಿ ನೋಡಿ ಅವಳಿಗೆ ಇನ್ನೂ ಭಯವಾಯಿತು. ಮಾಮನನ್ನು ಹಿಡಿದು ಕೂರಿಸಬಹುದು, ಬಾಗಿಲು ಹಾಕಬಹುದು, ಅಷ್ಟು ಹೊತ್ತು ಕಳೆದರೆ ಸಾಕು. ಅಂಥ ಯೋಚನೆ ತನ್ನ ತಲೆಗೂ ಬಂದಿದೆ ಎಂದು ತಿಳಿದು ಅವಳು ಕಣ್ಣು ತಗ್ಗಿಸಿದಳು. ನಿಜ ಹೇಳಿ ಬಾಯಿ ಮುಚ್ಚಿಕೊಂಡಿರು ಎನ್ನೋಣವೇ? ಆದರೆ ಅವನ ಕುರ್ಚಿಯಲ್ಲಿ ದಿನಾ ಕಚೇರಿಯವರು ಕೂರುತ್ತಾರೆ, ಪೊಲೀಸರು ಕೂರುತ್ತಾರೆ. ಅವನು ಇಷ್ಟು ವರ್ಷ ಇಟ್ಟುಕೊಂಡ ಗುಟ್ಟು ಕೂಡ ಇವತ್ತು ಮೆಟ್ಟಿಲು ಹತ್ತುವಷ್ಟರಲ್ಲಿ ಹೊರಗೆ ಬಿದ್ದಿತ್ತು.

"ದಾರಿ ಬಿಡೋ," ಎಂದ ಮಾಮ. "ಮುಚ್ಚಿಬಿಡ್ತಾರೆ ಅಷ್ಟರಲ್ಲಿ."

"ಅವನನ್ನ ಬಿಡು," ಎಂದಳು ಅತ್ತೆ ತಮ್ಮನಿಗೆ. ಆಮೇಲೆ ಮಾಮನ ಎದುರು ಬಂದು ನಿಂತಳು. "ನಿಮ್ಮಪ್ಪ ಕ್ಷೌರ ಮಾಡಿದ್ದು ಯಾರಿಗೆ?"

"ಹೇಳಿದ್ನಲ್ಲೇ, ನಿಮ್ಮಮ್ಮನ ಅಪ್ಪನಿಗೆ."

"ಆ ಹುಡುಗಿ ಬೇರೆ."

"ಯಾವ ಹುಡುಗಿ?"

"ಅಪ್ಪ ಸತ್ತ ಹುಡುಗಿ ಬೇರೆ. ಅವಳನ್ನ ವಾಪಸ್ ಕಳಿಸಿದ್ರು. ನಮ್ಮಮ್ಮ ಅಲ್ಲ ಅವಳು. ನಮ್ಮಮ್ಮ ಬಡಗಿ ಮಗಳು. ಆಮೇಲೆ ಜನ ಕೇಳಿದ್ರೆ ಹೇಳೋಕೆ ಆ ಕಥೆ ಇಟ್ಕೊಂಡ್ರು. ನಿಮ್ಮಪ್ಪ ಒಳ್ಳೆಯವನು, ಅವರ ಮಾನ ಕಾಪಾಡೋಕೆ ಅದನ್ನೇ ನಿನಗೂ ಹೇಳಿದ."

ಮಾಮ ಅವಳನ್ನೇ ನೋಡಿದ. "ಸುಳ್ಳು ಹೇಳ್ತಿದೀಯ."

"ನನ್ನ ಮುಖ ನೋಡಿ ಹೇಳು. ನಾನು ಅವರಿಬ್ಬರ ಮಗಳು ಕಣೋ. ಸಾಯೋ ಮುಂಚೆ ಅಮ್ಮ ನನ್ನ ಹತ್ರ ಅತ್ತಿದ್ದಾಳೆ. ನನ್ನ ಮದುವೆ ಯಾಕೆ ಮಾಡಲಿಲ್ಲ ಅಂದ್ಕೊಂಡೆ? ಇಂಥ ಹೊಟ್ಟೇಲಿ ಹುಟ್ಟಿದವಳನ್ನ ಇನ್ನೊಂದು ಮನೆಗೆ ಹೇಗೆ ಕೊಡೋದು ಅಂತ. ನೀನು ಬಂದು ಕೇಳಿದ್ದಲ್ಲ ಒಂದು ಸಲ. ಅಪ್ಪ ಯಾಕೆ ಬೇಡ ಅಂದ?"

ಮಾಮ ಅತ್ತೆಯನ್ನು ಕೇಳಿದ್ದ ವಿಷಯ ಹಲ್ಲಿನವಳಿಗೆ ಗೊತ್ತಿರಲಿಲ್ಲ. ಅಜ್ಜ ಬೇಡವೆಂದದ್ದು ಯಾಕೆ ಎಂದೂ ಗೊತ್ತಿರಲಿಲ್ಲ. ಅತ್ತೆ ಈಗ ಹೇಳಿದ್ದು ಸುಳ್ಳು ಎಂಬುದು ಮಾತ್ರ ಗೊತ್ತಿತ್ತು. ಮಾಮನ ಮುಖ ಕಂಡಾಗ ಅದೂ ಒಂದು ಗಳಿಗೆ ಅಲುಗಾಡಿತು.

ಮಾಮ ಕೈಯಲ್ಲಿದ್ದ ಕಾಗದವನ್ನು ನೋಡಿದ. ಅದನ್ನು ಮಡಿಸಿ, ಎಲ್ಲಿಡಬೇಕೆಂದು ತಿಳಿಯದೆ, ಇಸ್ಪೀಟಿನ ಪೆಟ್ಟಿಗೆಯ ಮೇಲಿಟ್ಟ.

"ಅಲ್ಲ ಅಂತ ಒಂದು ಮಾತು ಹೇಳು," ಎಂದ. "ನಾನು ಹೋಗಿ ಅಷ್ಟೇ ಹೇಳ್ತೀನಿ. ಬೇರೆ ಏನೂ ಕೇಳಲ್ಲ."

ಅತ್ತೆ ಬಾಯಿ ಬಿಗಿಹಿಡಿದಳು.

ಅವನು ಇಳಿದು ಹೋದ. ಹೆಜ್ಜೆ ಈ ಸಲ ನಿಧಾನ. ಹಲ್ಲಿನವಳು ಕಿಟಕಿಗೆ ಓಡಿದಳು. ಕೆಳಗೆ ಎಡಕ್ಕೆ ಹೋದರೆ ಕಚೇರಿ. ಬೀದಿ ದಾಟಿದರೆ ಅವನ ಅಂಗಡಿ. ಮಾಮ ಬಾಗಿಲಿನಿಂದ ಹೊರಬಂದು ಬೀದಿಯ ನಡುವೆ ನಿಂತ. ಒಂದು ಸೈಕಲ್ಲು ಗಂಟೆ ಬಾರಿಸಿ ಅವನನ್ನು ಸುತ್ತಿಕೊಂಡು ಹೋಯಿತು. ಎಡಕ್ಕೆ ನಾಲ್ಕು ಹೆಜ್ಜೆ ಹಾಕಿದ.

"ಯಾವ ಕಡೆ?" ಎಂದಳು ಅತ್ತೆ ಹಿಂದಿನಿಂದ. ಅವಳು ಕಿಟಕಿಗೆ ಬರಲಿಲ್ಲ.

"ಎಡಕ್ಕೆ."

ಚಪ್ಪಲಿಗೆ ಕಾಲು ತೂರಿಸಿದ ತಮ್ಮ.

"ನಿಂತ," ಎಂದಳು ಹಲ್ಲಿನವಳು. "ತಿರುಗಿದ. ಅಂಗಡಿ ಕಡೆ ಹೋಗ್ತಿದ್ದಾನೆ. ಬೀಗ ತೆಗೆದ."

ಅಂಗಡಿಯ ಗಾಜಿನೊಳಗೆ ಅವನು ಗಿರಾಕಿಯ ಕುರ್ಚಿಯಲ್ಲಿ ಕೂತದ್ದು ಕಾಣಿಸಿತು, ಕನ್ನಡಿಗೆ ಮುಖ ಮಾಡಿ. ದೀಪ ಹಾಕಲಿಲ್ಲ. ಯಾವನೋ ಬಾಗಿಲು ತಳ್ಳಿ ಬಂದು, ಏನೋ ಕೇಳಿ, ಉತ್ತರ ಸಿಗದೆ ಹೋದ. ಮತ್ತೊಬ್ಬ ಬಂದ, ಹೋದ. ಕತ್ತರಿ ಮಾಮ ಯಾರ ಜೊತೆಯೂ ಮಾತಾಡಲಿಲ್ಲ. ಬಿಸಿಲು ಅಂಗಡಿಯ ಗಾಜಿನಿಂದ ಮೇಲೇರಿ ಫಲಕಕ್ಕೆ ಬಂತು, ಫಲಕದಿಂದ ಮಾಳಿಗೆಗೆ. ಅಷ್ಟು ಹೊತ್ತೂ ಹಲ್ಲಿನವಳು ಕಿಟಕಿಯ ಸರಳು ಹಿಡಿದು, ಅವನು ಎದ್ದನೆಂದರೆ ಕೂಗಬೇಕೆಂದು ಬಾಯಲ್ಲಿ ಮಾತು ಸಿದ್ಧವಿಟ್ಟುಕೊಂಡು ನಿಂತಿದ್ದಳು. ಏನೆಂದು ಕೂಗುವುದು ಎಂಬುದು ಮಾತ್ರ ಗೊತ್ತಿರಲಿಲ್ಲ.

ಬೀದಿಯ ತುದಿಯಲ್ಲಿ ಕಚೇರಿಯವರು ಚೀಲ ಹೆಗಲಿಗೆ ಹಾಕಿಕೊಂಡು ಗುಂಪಾಗಿ ಹೊರಬರತೊಡಗಿದರು. ಬೆರಳಚ್ಚಿನ ಹೆಂಗಸು ಕೂಡ ಇದ್ದಳು, ತರಕಾರಿ ಗಾಡಿಯ ಹತ್ತಿರ ನಿಂತು ಬದನೆಕಾಯಿ ಒತ್ತಿ ನೋಡುತ್ತಿದ್ದಳು.

"ಮುಚ್ಚಿತು," ಎಂದ ತಮ್ಮ. ನೆಲದ ಮೇಲೆ ಕೂತುಬಿಟ್ಟ. "ಅತ್ತೇ, ಮುಚ್ಚಿತು. ಉಳಿದ್ವಿ."

ಅತ್ತೆ ಆಗ ಕಿಟಕಿಗೆ ಬಂದಳು. ಎದುರಿಗೆ ಮಾಮ ಅಂಗಡಿಯ ಹೊರಗೆ ನಿಂತು ಬೀಗ ಹಾಕುತ್ತಿದ್ದ. ಹಾಕಿ, ಎಳೆದು ನೋಡಿ, ರೂಢಿಯಂತೆ ತಲೆಯೆತ್ತಿ ಈ ಕಿಟಕಿಯ ಕಡೆ ನೋಡಿದ. ಅತ್ತೆಯ ಕೈ ತಾನಾಗಿಯೇ ಅರ್ಧ ಮೇಲೆದ್ದಿತು. ಅವನು ನೋಡುತ್ತಲೇ ಇದ್ದ. ಅವಳು ಕೈ ಇಳಿಸಿ ಪರದೆಯ ಹಿಂದೆ ಸರಿದಳು.

"ಹೋದನಾ?" ಎಂದು ಕೇಳಿದಳು.

"ಇಲ್ಲ ಅತ್ತೆ. ಇನ್ನೂ ನಿಂತಿದ್ದಾನೆ."